ಇಪ್ಪತ್ನಾಲ್ಕು ಕಿಸೆಯ ಬಟ್ಟೆ

ಬೆಳಗಿನ ನಾಲ್ಕೂವರೆ. ಬೀದಿಯ ಮನೆಗಳೆಲ್ಲ ಇನ್ನೂ ಮುಸುಕೆಳೆದು ಮಲಗಿವೆ. ಕೊನೆಯ ಮನೆಯ ಮುಂದೆ ಮಾತ್ರ ಹಳೆಯ ಬಿಳಿ ಕಾರೊಂದು ಒಂದು ಕಾಲೆತ್ತಿಕೊಂಡು ನಿಂತಿದೆ. ಎಡಗಡೆಯ ಮುಂದಿನ ಚಕ್ರ ಗೋಡೆಗೆ ಒರಗಿದೆ. ಜಾಕಿನ ಪಕ್ಕದಲ್ಲಿ ಗೋಣಿಚೀಲ ಹಾಸಿಕೊಂಡು, ತಲೆಗೆ ಟವೆಲು ಬಿಗಿದು ಕೂತ ಹೆಂಗಸಿಗೆ ನಲವತ್ತಾರು ವರ್ಷ. ಬೆನ್ನ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಟಾರ್ಚು ಹಿಡಿದು ಕೂತವರು ಅವರ ಅತ್ತೆ. ಅವರಿಗೆ ಎಪ್ಪತ್ತೆರಡು.

"ಬೆಳಕು ಇತ್ತ ಹಿಡೀರಿ ಅತ್ತೆ. ನನ್ನ ಮುಖ ನೋಡಿ ಏನು ಮಾಡ್ತೀರಿ?"

"ನಿನ್ನ ಮುಖದಲ್ಲಿ ನೋಡೋಕೆ ಏನಿದೆ, ಬರೀ ಮಸಿ. ಕೈ ಸೋತಿತು, ಅಷ್ಟೆ."

ಊರಿನ ಈ ಭಾಗದಲ್ಲಿ ಸೊಸೆಗೆ ಸ್ನಾನದಕ್ಕ ಎಂದೇ ಹೆಸರು. ಹಾಸಿಗೆ ಹಿಡಿದವರ ಮನೆಗೆ ಹೋಗಿ, ಮೈ ತೊಳೆದು, ಒಣಬಟ್ಟೆ ಉಡಿಸಿ, ಮಗ್ಗುಲು ಬದಲಿಸಿ ಬರುವುದು ಇವರ ಕೆಲಸ. ದಿನಕ್ಕೆ ಆರು ಮನೆ. ಮಡಚುವ ಟಬ್ಬು, ಎರಡು ಬಕೆಟ್ಟು, ಟವೆಲುಗಳ ಮೂಟೆ, ಇವನ್ನೆಲ್ಲ ಹೊತ್ತು ತಿರುಗಲು ಕಾರು ಬೇಕೇ ಬೇಕು. ಅದು ಕೆಟ್ಟು ನಿಂತರೆ ಆರು ಜನ ಒದ್ದೆಯಲ್ಲೇ ಕಾಯುತ್ತಾರೆ. ಗ್ಯಾರೇಜಿಗೆ ಬಿಟ್ಟರೆ ಎರಡು ದಿನ ಅಲ್ಲೇ ಉಳಿಯುತ್ತದೆ, ತಿಂಗಳ ದುಡಿಮೆಯಲ್ಲಿ ಅರ್ಧವನ್ನು ಅದೇ ನುಂಗುತ್ತದೆ. ಹಾಗಾಗಿ ಆರು ವರ್ಷದಿಂದ ಈ ಕಾರಿಗೆ ಸ್ನಾನದಕ್ಕನೇ ವೈದ್ಯರು.

ನಿನ್ನೆ ಸಂಜೆ ಬ್ರೇಕು ಕಿರುಗುಟ್ಟಿತ್ತು. ಸವೆದ ಪ್ಯಾಡು ತೆಗೆದು ಹೊಸದು ಹಾಕುವ ಕೆಲಸ ಇವತ್ತಿನದು. ಪಕ್ಕದಲ್ಲಿ ನೆಲದ ಮೇಲೆ ಒಂದು ದಪ್ಪ ಬಟ್ಟೆ ಹರಡಿದೆ. ಅದರ ತುಂಬ ಕಿಸೆಗಳು, ನಾಲ್ಕು ಸಾಲು, ಸಾಲಿಗೆ ಆರು. ಒಂದೊಂದರ ಮೇಲೂ ಬಿಳಿ ದಾರದಲ್ಲಿ ನಂಬರು ಹೊಲಿದಿದೆ. ಮೊದಲು ಬಿಚ್ಚಿದ್ದು ಒಂದನೇ ಕಿಸೆಗೆ, ಆಮೇಲಿನದು ಎರಡನೆಯದಕ್ಕೆ. ಜೋಡಿಸುವಾಗ ಹಿಂದಿನಿಂದ ಮುಂದಕ್ಕೆ ಬರಬೇಕು. ಒಂದನೇ ಕಿಸೆ ಖಾಲಿಯಾದರೆ ಕೆಲಸ ಮುಗಿಯಿತು.

ಐದೂ ಇಪ್ಪತ್ತಕ್ಕೆ ಚಕ್ರ ಕೂರುತ್ತದೆ, ಜಾಕು ಇಳಿಯುತ್ತದೆ. ಮೊದಲ ಮನೆ ಮೇಷ್ಟ್ರದು. ಆರು ಗಂಟೆಗೆ ಅಲ್ಲಿರಬೇಕು. ಸ್ನಾನದಕ್ಕ ಕೈ ತೊಳೆಯಲು ಏಳುತ್ತಾರೆ. ಬಟ್ಟೆ ಮಡಿಸುವುದು ಅತ್ತೆಯ ಪಾಲಿನ ಕೆಲಸ. ಮಡಿಸುತ್ತಿದ್ದ ಕೈ ನಿಲ್ಲುತ್ತದೆ.

"ಏನೇ ಇದು? ಒಂದನೇ ಕಿಸೆ ಮೂಲೆಯಲ್ಲಿ ಏನೋ ಕೂತಿದೆ."

ಒಂದು ಬೋಲ್ಟು. ಕಿರುಬೆರಳಿನಷ್ಟು ಉದ್ದ, ಗ್ರೀಸು ಮೆತ್ತಿಕೊಂಡು ಕರ್ರಗಾಗಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

"ಮತ್ತೆ ಬಿಚ್ಚು," ಅತ್ತೆ ಟಾರ್ಚು ಎತ್ತಿಕೊಳ್ಳುತ್ತಾರೆ.

ಮೇಷ್ಟ್ರ ಮನೆಗೆ ಫೋನು ಹೋಗುತ್ತದೆ, ಯಾರೂ ಎತ್ತುವುದಿಲ್ಲ. ತಡವಾಯಿತೆಂದು ಹೋದ ಮೇಲೆ ಹೇಳಿದರಾಯಿತು ಎಂದು ಸ್ನಾನದಕ್ಕ ಮತ್ತೆ ಜಾಕಿಗೆ ಕೈ ಹಾಕುತ್ತಾರೆ. ಉಳಿದ ಬೋಲ್ಟಿನ ವಿಷಯದಲ್ಲಿ ಈ ಮನೆಯಲ್ಲಿ ಚರ್ಚೆಯಿಲ್ಲ. ಅದಕ್ಕೊಂದು ಕಾರಣವಿದೆ.

ಕಾರು ಗಂಡನದು. ಟ್ಯಾಕ್ಸಿ ಓಡಿಸುತ್ತಿದ್ದರು. ಕಾಯಿಲೆ ಬಿದ್ದು ಎಂಟು ತಿಂಗಳು ಹಾಸಿಗೆಯಲ್ಲಿದ್ದರು. ಆ ಎಂಟು ತಿಂಗಳು ಅವರ ಮೈ ತೊಳೆದದ್ದು ಹೆಂಡತಿ, ನೀರು ಕಾಸಿಕೊಟ್ಟದ್ದು ತಾಯಿ. ನೋಡಲು ಬಂದವರೊಬ್ಬರು, ಇಷ್ಟು ದಿನ ಮಲಗಿದರೂ ಬೆನ್ನಿಗೆ ಒಂದು ಹುಣ್ಣಿಲ್ಲವಲ್ಲ ಎಂದು ಬೆರಗಾದರು. ಗಂಡ ಹೋದ ಮೂರನೇ ತಿಂಗಳು ಅವರೇ ಬಂದು, "ನಮ್ಮಮ್ಮನ್ನೂ ನೋಡ್ಕೋತೀಯಾ?" ಎಂದು ಕೇಳಿದರು. ಕೆಲಸ ಶುರುವಾದದ್ದು ಹಾಗೆ.

ಕಾರಿನ ರಿಪೇರಿ ಶುರುವಾದದ್ದು ಹೆಡ್‌ಲೈಟಿನಿಂದ. ಮೂಲೆಯ ಗ್ಯಾರೇಜಿನ ಯಜಮಾನ ಹೇಳಿದ ರೇಟು ಕೇಳಿ ಸ್ನಾನದಕ್ಕ ಗಾಡಿ ತಿರುಗಿಸಿಕೊಂಡು ಬಂದರು. "ಅಕ್ಕಾ, ಇದು ಬಟ್ಟೆ ಮಡಿಸಿದ ಹಾಗಲ್ಲ," ಎಂದು ಆತ ಹಿಂದಿನಿಂದ ಕೂಗಿದ್ದ. ಮನೆಗೆ ಬಂದು ತಾವೇ ಬಿಚ್ಚಿದರು, ತಾವೇ ಜೋಡಿಸಿದರು. ದೀಪ ಹತ್ತಿತು. ಎರಡು ಸ್ಕ್ರೂ ಉಳಿದವು.

"ಕಂಪನಿಯವರು ಕಳೆದ್ರೆ ಇರಲಿ ಅಂತ ಎರಡು ಜಾಸ್ತಿ ಹಾಕಿರ್ತಾರೆ ಅಂದೆ ನಾನು," ಅತ್ತೆ ಈಗಲೂ ನಗದೆ ಹೇಳುತ್ತಾರೆ.

ಮೂರನೇ ದಿನ ನಡುರಸ್ತೆಯಲ್ಲಿ ಹೆಡ್‌ಲೈಟು ಕಿತ್ತುಬಂದು ವೈರಿನಲ್ಲಿ ಜೋತಾಡಿತು. ಸಿಗ್ನಲಿನಲ್ಲಿ ನಿಂತವರೆಲ್ಲ ನಕ್ಕರು. ಮನೆಗೆ ಬಂದ ಸೊಸೆ ಅಳುವುದನ್ನು ನೋಡಿದ ಅತ್ತೆ ಒಳಗೆ ಹೋಗಿ ಮಗನ ಆರು ಪ್ಯಾಂಟು ತಂದರು. ಎರಡು ಪಕ್ಕಕ್ಕೆ, ಎರಡು ಹಿಂದಕ್ಕೆ, ಒಂದೊಂದಕ್ಕೂ ನಾಲ್ಕು ಕಿಸೆ. ನಲವತ್ತು ವರ್ಷ ಹೊಲಿಗೆ ಮಿಷನ್ ತುಳಿದ ಕೈ ಅದು. ಕತ್ತರಿ ಹಾಕುವ ಮುಂಚೆ ಒಂದೊಂದು ಕಿಸೆಯೊಳಗೂ ಬೆರಳಾಡಿಸಿ ನೋಡಿದರು. ಎರಡು ಟೋಲ್ ಚೀಟಿ, ಒಂದು ಪೆಪ್ಪರಮೆಂಟು ಸಿಕ್ಕಿದವು. ರಾತ್ರಿ ಕಳೆಯುವುದರೊಳಗೆ ಬಟ್ಟೆ ತಯಾರಾಯಿತು.

"ಅವತ್ತಿಂದ ಒಂದು ಬೋಲ್ಟು ಉಳಿದ್ರೂ ಪೂರ್ತಿ ಬಿಚ್ಚೋದೇ. ನನ್ನ ಗಾಡಿ ನಿಂತ್ರೆ ಪರವಾಗಿಲ್ಲ, ನಿಲ್ಲದೇ ಹೋದ್ರೆ ಕಷ್ಟ," ಎನ್ನುತ್ತಾರೆ ಸ್ನಾನದಕ್ಕ.

ಮೊದಲ ಸಲ ಬ್ರೇಕಿಗೆ ಕೈ ಹಾಕಿದಾಗ ಗ್ಯಾರೇಜಿನ ಯಜಮಾನನನ್ನೇ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದರು. ಆತ ಕೊನೆಯವರೆಗೂ ನೋಡಿ, ತಾನೇ ಓಡಿಸಿ ಪರೀಕ್ಷೆ ಮಾಡಿ, "ಆ ಬಟ್ಟೆ ಎಲ್ಲಿ ಸಿಗುತ್ತೆ?" ಎಂದು ಮಾತ್ರ ಕೇಳಿದ್ದ.

ಈಗ ಚಕ್ರ ಮತ್ತೆ ಹೊರಗೆ ಬಂದಿದೆ. ಟಾರ್ಚಿನ ಬೆಳಕಿನಲ್ಲಿ ಒಂದೊಂದು ತೂತನ್ನೂ ಬೆರಳಿಟ್ಟು ನೋಡುತ್ತಾರೆ. ಎಲ್ಲ ಬೋಲ್ಟೂ ತಮ್ಮ ತಮ್ಮ ಜಾಗದಲ್ಲೇ ಇವೆ. ಬಿಗಿಯಾಗಿವೆ. ಕಾರಿನಲ್ಲಿ ಏನೂ ಕಡಿಮೆಯಿಲ್ಲ. ಹಾಗಾದರೆ ಇದು ಎಲ್ಲಿಯದು?

ಸ್ನಾನದಕ್ಕ ಬೋಲ್ಟನ್ನು ಚಿಂದಿಯಲ್ಲಿ ಉಜ್ಜುತ್ತಾರೆ. ಗ್ರೀಸು ಮೇಲೆ ಮೇಲೆ ಮಾತ್ರ. ಸುರುಳಿ ಗೆರೆಗಳ ಸಂದಿನಲ್ಲಿ ಕೂತಿರುವುದು ಬಿಳಿ ಪುಡಿ. ಗೋಡೆಯ ಸುಣ್ಣ.

"ಅತ್ತೆ, ಇದು ಮೇಷ್ಟ್ರ ಹಿಡಿಕೇದು."

ಮೈ ತೊಳೆಯಲು ಹೋದ ಮನೆಗಳಲ್ಲಿ ಸಣ್ಣಪುಟ್ಟ ಕೆಲಸವನ್ನೂ ಇವರೇ ಮಾಡಿಕೊಡುತ್ತಾರೆ. ಮಂಚದ ಕಾಲಿಗೆ ಮರದ ತುಂಡು ಕೊಟ್ಟು ಎತ್ತರಿಸುವುದು, ಹೊಸ್ತಿಲಿಗೆ ಹಲಗೆಯ ಇಳಿಜಾರು ಹಾಕುವುದು, ಗುಜರಿಯಿಂದ ತಂದ ಸೀಟ್ ಬೆಲ್ಟನ್ನು ಹೊಲಿದು ಮಲಗಿದವರನ್ನು ಎತ್ತಿ ಕೂರಿಸುವ ಪಟ್ಟಿ ಮಾಡುವುದು. ಅಂಗಡಿಯಲ್ಲಿ ಕೊಳ್ಳಲಾಗದವರೇ ಹೆಚ್ಚು. ನಿನ್ನೆ ಮೇಷ್ಟ್ರು ಹಿಡಿದು ಏಳಲೆಂದು ಬಚ್ಚಲಿನ ಗೋಡೆಗಿದ್ದ ಹಿಡಿಕೆಯನ್ನು ನಾಲ್ಕು ಬೆರಳು ಕೆಳಕ್ಕೆ ಇಳಿಸಿದ್ದರು. ನಾಲ್ಕು ಬೋಲ್ಟು ಬಿಚ್ಚಿ ಇದೇ ಬಟ್ಟೆಯ ಕಿಸೆಗಳಿಗೆ ಹಾಕಿದ್ದರು. ಕೆಳಗಿನ ಎರಡು, ಮೇಲಿನ ಒಂದು ಕೂರಿಸುವಷ್ಟರಲ್ಲಿ ಮುಂದಿನ ಮನೆಯಿಂದ ಫೋನು, ಅಲ್ಲಿಯ ಅಜ್ಜಿ ವಾಂತಿ ಮಾಡಿಕೊಂಡಿದ್ದಾರೆಂದು. ಓಡಿದರು. ಒಂದನೇ ಕಿಸೆಯ ಬೋಲ್ಟು ಅಲ್ಲೇ ಉಳಿಯಿತು. ಅದರ ಮೇಲೇ ಇವತ್ತು ಕತ್ತಲಲ್ಲಿ ಚಕ್ರದ ನಟ್ಟು ಹಾಕಿದ್ದರು.

ಮೈಭಾರವೆಲ್ಲ ಬೀಳುವುದು ಹಿಡಿಕೆಯ ಮೇಲಿನ ತುದಿಗೆ. ಹಳೆಯ ಗೋಡೆ, ಒಂದೇ ಬೋಲ್ಟು ತಡೆಯುವುದಿಲ್ಲ. ಮೇಷ್ಟ್ರಿಗೆ ಪಾರ್ಶ್ವವಾಯು ಹೊಡೆದು ಬಲಗಡೆ ಸೋತಿದೆ, ಹಟ ಸೋತಿಲ್ಲ. ಮೂವತ್ತೈದು ವರ್ಷ ಗಂಟೆ ಹೊಡೆಸಿದವರು, ಆರು ಎಂದರೆ ಆರು. ಯಾರೂ ಬರದಿದ್ದರೆ ತಾವೇ ಎದ್ದು ಬಚ್ಚಲಿಗೆ ಹೊರಡುತ್ತಾರೆ. ಹೋದ ತಿಂಗಳು ಹಾಗೇ ಬಿದ್ದಿದ್ದರು.

ಗಡಿಯಾರ ಆರಾಯಿತು ಎನ್ನುತ್ತಿದೆ. ಸ್ನಾನದಕ್ಕ ಚಕ್ರ ಕೂರಿಸುತ್ತಿರುವಾಗ ಅತ್ತೆ ಮೂರು ಸಲ ಫೋನು ಹಚ್ಚುತ್ತಾರೆ. ಮೇಷ್ಟ್ರ ಹೆಂಡತಿಗೆ ಕಿವಿ ಮಂದ, ಫೋನು ದಿಂಬಿನಡಿ.

ಕಾರು ಹೊರಡುತ್ತದೆ. ಆದರೆ ಓಡುವುದಿಲ್ಲ. ಹೊಸ ಪ್ಯಾಡು ಹಾಕಿದ ಬ್ರೇಕು ಮೊದಮೊದಲು ಪೂರ್ತಿ ಹಿಡಿಯುವುದಿಲ್ಲ. ಮೆಲ್ಲಗೆ ಹೋಗಿ, ಮೆಲ್ಲಗೆ ತುಳಿದು ಪಳಗಿಸಬೇಕು. ಖಾಲಿ ರಸ್ತೆ, ಎದುರಿಗೆ ಹಸಿರು ದೀಪ, ಆದರೂ ಸ್ನಾನದಕ್ಕ ಸೈಕಲ್ ವೇಗದಲ್ಲಿ ಹೋಗುತ್ತಾರೆ. "ಕಾಲು ಒತ್ತು ಒತ್ತು ಅನ್ನುತ್ತೆ," ಎಂದು ಒಂದೇ ಸಲ ಬಾಯಿ ಬಿಡುತ್ತಾರೆ. ಒತ್ತುವುದಿಲ್ಲ.

ಆರೂ ಇಪ್ಪತ್ತೈದು. ಮೇಷ್ಟ್ರ ಹಾಸಿಗೆ ಖಾಲಿ. ಬಚ್ಚಲಿನ ಬಾಗಿಲು ಅರ್ಧ ತೆರೆದಿದೆ.

ಮೇಷ್ಟ್ರು ಸ್ಟೂಲಿನ ಮೇಲೆ ಕೂತಿದ್ದಾರೆ. ಸೊಂಟಕ್ಕೊಂದು ಟವೆಲು, ಮೈಯೆಲ್ಲ ಚಳಿಗೆ ನವಿರೆದ್ದಿದೆ. ಎಡಗೈ ತೊಡೆಯ ಮೇಲಿದೆ.

"ಇಪ್ಪತ್ತೈದು ನಿಮಿಷ ಲೇಟು," ಎನ್ನುತ್ತಾರೆ.

"ಹಿಡಿಕೆ ಹಿಡಿದ್ರಾ ಮೇಷ್ಟ್ರೇ?"

"ಹಿಡಿಯೋ ಮುಂಚೆ ನೋಡಿದೆ. ನಾಲ್ಕು ತೂತು, ಮೂರು ಬೋಲ್ಟು. ಮೂರನೇ ಕ್ಲಾಸಿನ ಲೆಕ್ಕ. ಗೋಡೆ ಸವರಿಕೊಂಡು ಹೇಗೋ ಕೂತೆ. ಏಳೋಕೆ ಅದೇ ಬೇಕಲ್ಲ, ಅದಕ್ಕೆ ಕೂತೇ ಇದೀನಿ."

"ಅಮ್ಮನ್ನ ಕೂಗಬಾರದಿತ್ತಾ?"

"ಅವಳಿಗೆ ಕೇಳಿಸಲ್ಲ. ಅಕಸ್ಮಾತ್ ಕೇಳಿಸಿದ್ರೆ ಎತ್ತೋಕೆ ಬರ್ತಾಳೆ. ಆಮೇಲೆ ನಿನಗೆ ಡಬಲ್ ಕೆಲಸ."

ಸ್ನಾನದಕ್ಕ ಒಣ ಟವೆಲೊಂದನ್ನು ಅವರ ಹೆಗಲಿಗೆ ಹೊದಿಸುತ್ತಾರೆ.

"ತಪ್ಪಾಯ್ತು ಮೇಷ್ಟ್ರೇ."

"ಆಯ್ತು. ಈಗ ತಿದ್ದು."

ಬೋಲ್ಟು ಕೂರುತ್ತದೆ. ಸ್ಪ್ಯಾನರಿನಿಂದ ಬಿಗಿದು, ಸ್ನಾನದಕ್ಕ ಎರಡೂ ಕೈಯಲ್ಲಿ ಹಿಡಿಕೆ ಹಿಡಿದು ಕಾಲೆತ್ತಿ ಜೋತುಬೀಳುತ್ತಾರೆ.

"ಸಾಕು, ಗೋಡೆ ಬೀಳಿಸಬೇಡ. ಬಾಡಿಗೆ ಮನೆ ಇದು," ಮೇಷ್ಟ್ರು ಎನ್ನುತ್ತಾರೆ. ಹೆಗಲ ಟವೆಲು ಎಳೆದುಕೊಂಡು, "ಲೇಟ್ಯಾಕೆ, ಅದನ್ನ ಹೇಳಲಿಲ್ಲ."

"ಇದು ಕಾರಿನದು ಅಂದ್ಕೊಂಡು ಚಕ್ರ ಎರಡನೇ ಸಲ ಬಿಚ್ಚಿದೆ."

"ಬಿಚ್ಚದೆ ಬಂದಿದ್ರೆ ಬೇಗ ಬರ್ತಿದ್ದೆ."

"ಬರ್ತಿದ್ದೆ. ಆದ್ರೆ ಇದು ಎಲ್ಲೀದು ಅಂತ ಗೊತ್ತಾಗ್ತಿರಲಿಲ್ಲ."

ಮೇಷ್ಟ್ರು ಯೋಚಿಸುತ್ತಾರೆ. "ಹಾಗಾದ್ರೆ ಲೇಟು ಮಾಫಿ," ಎಂದು ಎಡಗೈ ಚಾಚಿ ಹಿಡಿಕೆ ಹಿಡಿಯುತ್ತಾರೆ. ಅದು ಅಲ್ಲಾಡುವುದಿಲ್ಲ.

ಆಮೇಲೆ ಬಿಸಿನೀರು ಬರುತ್ತದೆ. ಮೊದಲು ಮೊಣಕೈ ಅದ್ದಿ ನೋಡುವುದು ಸ್ನಾನದಕ್ಕನ ಪದ್ಧತಿ. ಸೋತ ಕೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಸಂದು ಸಂದು ತೊಳೆಯುತ್ತಾರೆ. ಅಷ್ಟು ಹೊತ್ತು ಮೇಷ್ಟ್ರು ಕಣ್ಣು ಮುಚ್ಚಿರುತ್ತಾರೆ.

ಅಲ್ಲಿಂದ ಮುಂದೆ ಐದು ಮನೆ. ದಿನಕ್ಕೆ ಹದಿನೆಂಟು ಬಕೆಟ್ಟು ನೀರು, ಇಪ್ಪತ್ತಾರು ಟವೆಲು, ಮೂವತ್ತೆರಡು ಕಿಲೋಮೀಟರು. ಮಧ್ಯಾಹ್ನ ಮೂರಕ್ಕೆ ಕಾರಿನಲ್ಲೇ ಊಟದ ಡಬ್ಬಿ. ಉಗುರ ಸಂದಿನ ಗ್ರೀಸು ರೋಗಿಗಳಿಗೆ ತಾಗಬಾರದೆಂದು ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತಿಕ್ಕಿ, ಬೆರಳ ತುದಿ ಒರಟಾಗಿದೆ. ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಬಹಳ ಯೋಚಿಸಿ, "ಕಾರಿನ ಮೇಲೊಂದು ತಗಡಿನ ಸೂರು. ಮಳೇಲಿ ಜಾಕು ಜಾರುತ್ತೆ. ತಗಡು ಸಿಕ್ಕಿದ್ರೆ ಸಾಕು, ಹಾಕೋದು ನಾವೇ ಹಾಕ್ಕೋತೀವಿ," ಎನ್ನುತ್ತಾರೆ. ಬೆಳಗಿನ ಬೋಲ್ಟಿನ ವಿಷಯ ಪತ್ರಿಕೆಯಲ್ಲಿ ಬರೆಯಬಹುದೇ ಎಂದರೆ ಅದಕ್ಕೆ ಯೋಚನೆಯೇ ಬೇಕಾಗುವುದಿಲ್ಲ. "ಬರೀರಿ. ಓದಿದೋರು ತಮ್ಮ ಮನೆ ಹಿಡಿಕೆ ಒಂದು ಸಲ ಅಲ್ಲಾಡಿಸಿ ನೋಡ್ತಾರೆ."

ಸಂಜೆ ಅತ್ತೆಗೆ ವರದಿ ಒಪ್ಪಿಸುವಾಗ ಮಾತ್ರ ದನಿ ಸಣ್ಣಗಾಗುತ್ತದೆ. "ಕಾರಿಗೂ ಮನೆಗಳಿಗೂ ಒಂದೇ ಬಟ್ಟೆ ಇಟ್ಟುಕೊಂಡಿದ್ದೇ ತಪ್ಪು ಅತ್ತೆ. ಮನೆಗಳಿಗೆ ಬೇರೆ ಕಿಸೆ ಬೇಕು."

"ಪ್ಯಾಂಟು ಮುಗಿದುವಲ್ಲೇ," ಎಂದು ಅತ್ತೆ ಎದ್ದು ಒಳಗೆ ಹೋಗುತ್ತಾರೆ. ಹೊರಬಂದಾಗ ಕೈಯಲ್ಲಿ ಬೂದುಬಣ್ಣದ ಅಂಗಿಯಿದೆ. ಮಗನ ಯೂನಿಫಾರ್ಮು. ಆರು ವರ್ಷದಿಂದ ತಿಂಗಳಿಗೊಮ್ಮೆ ಇಸ್ತ್ರಿ ಮಾಡಿ, ಮತ್ತೆ ಮಡಿಸಿ ಪೆಟ್ಟಿಗೆಯಲ್ಲಿಡುತ್ತಿದ್ದರು. ಎದೆಯ ಮೇಲೆ ಎರಡು ಕಿಸೆ, ಎರಡಕ್ಕೂ ಗುಂಡಿ.

"ಅದು ಬೇಡ ಅತ್ತೆ. ಅದಕ್ಕೆ ಕತ್ತರಿ ಹಾಕಬೇಡಿ."

"ಕತ್ತರಿ ಯಾರು ಹಾಕ್ತಾರೆ? ನೀನೇ ತೊಟ್ಕೋ. ತೋಳು ಸ್ವಲ್ಪ ಮೇಲಕ್ಕೆ ಮಡಿಸಿ ಹೊಲಿದುಕೊಡ್ತೀನಿ. ಬಟ್ಟೆ ಕಾರಲ್ಲಿ ಬಿಟ್ಟು ಮರೀಬಹುದು. ಎದೆ ಮೇಲಿದ್ರೆ ಚುಚ್ಚುತ್ತೆ, ಮರೆಯಲ್ಲ."

ಮಾರನೆಯ ಬೆಳಿಗ್ಗೆ ಆರಕ್ಕೆ ಐದು ನಿಮಿಷ ಮುಂಚೆ ಸ್ನಾನದಕ್ಕ ಆ ಬೂದು ಅಂಗಿ ತೊಟ್ಟು ಮೇಷ್ಟ್ರ ಮನೆಯಲ್ಲಿದ್ದಾರೆ. ಮೈ ತೊಳೆದಾಯಿತು. ಮಂಚದ ಸಡಿಲ ಕಾಲಿನ ಎರಡು ಬೋಲ್ಟು ಬಿಚ್ಚಿ, ಮತ್ತೆ ಬಿಗಿದೂ ಆಯಿತು. ಬಕೆಟ್ಟು ಎತ್ತಿಕೊಂಡು ಹೊರಟವರು ಬಾಗಿಲಲ್ಲಿ ನಿಲ್ಲುತ್ತಾರೆ. ಮುಂದಿನ ಮನೆಯಿಂದ ಫೋನು ಬಡಿದುಕೊಳ್ಳುತ್ತಿದೆ. ಬಡಿದುಕೊಳ್ಳಲಿ ಎಂದು ಬಿಟ್ಟು, ಬಕೆಟ್ಟು ಕೆಳಗಿಟ್ಟು, ಎದೆಯ ಗುಂಡಿ ಬಿಚ್ಚಿ, ಗಂಡನ ಕಿಸೆಯೊಳಗೆ ಎರಡು ಬೆರಳಾಡಿಸಿ ನೋಡುತ್ತಾರೆ.

"ಖಾಲಿ ಮೇಷ್ಟ್ರೇ," ಎಂದು ಹೇಳಿ ಹೊರಡುತ್ತಾರೆ.