ಕೋಸಂಬರಿಯ ತಕರಾರು

ನಾನೀಗಿರುವ ಪರದೇಶದ ಊರು ಮೆಡೋವೇಲಿನ ಕಮ್ಯುನಿಟಿ ಹಾಲ್‌ನಲ್ಲಿ ತಿಂಗಳಿಗೊಮ್ಮೆ ಇಸ್ರೇಲಿನವರೂ ಪ್ಯಾಲೆಸ್ತೀನಿನವರೂ ಎದುರುಬದುರು ಕೂತು ಮಾತಾಡುತ್ತಾರೆ. ಕುರ್ಚಿ ಹಾಕುವವನು ನಾನು. ಯಾರ ಕಡೆಯವನೂ ಅಲ್ಲವೆಂದು, ಒಬ್ಬೊಬ್ಬರ ಮಾತಿಗೆ ಮೂರು ನಿಮಿಷವೆಂದು ಗಡಿಯಾರ ಹಿಡಿಯುವ ಕೆಲಸವೂ ನನಗೇ ಬಂದಿತ್ತು.

ಒಂದು ಭಾನುವಾರ ಮಾತಿಗಿಂತ ಮೊದಲೇ ತಿಂಡಿಯ ಮೇಜಿನ ಹತ್ತಿರ ಜಗಳ ಹತ್ತಿತು. ಸೌತೆಕಾಯಿ, ಟೊಮೆಟೊ ಸಣ್ಣಗೆ ಹೆಚ್ಚಿದ್ದ ಬಟ್ಟಲಿಗೆ ಇಸ್ರೇಲಿನ ಹೈಫಾದ ಯೋಸಿ 'ಇಸ್ರೇಲಿ ಸಲಾಡ್' ಎಂದು ಚೀಟಿ ಅಂಟಿಸಿದ್ದ. ಪ್ಯಾಲೆಸ್ತೀನಿನ ನಾಬ್ಲುಸಿನ ಹನಾನ್ ಅದನ್ನು ಕಿತ್ತರು. "ಇದು ನಮ್ಮಜ್ಜಿಯ ಸಲಾಡು. ಹೆಸರನ್ನೂ ಬಿಡಲ್ಲವಾ ನೀವು?" ಎಂದು ಹೊರಡಲು ಕೋಟು ಹಾಕಿಕೊಂಡರು.

ಯೋಸಿ ನನ್ನತ್ತ ತಿರುಗಿದ. "ನೀನೇ ಹೇಳು, ನಿಮ್ಮೂರಲ್ಲಿ ಇದಕ್ಕೇನಂತಾರೆ?"

ನಮ್ಮೂರು ಬೆಳಗಾವಿ. ಅವ್ವ ಕೋಸಂಬರಿ ಅನ್ನುತ್ತಿದ್ದಳು, ಪಕ್ಕದ ಮನೆಯ ಮರಾಠಿ ಮಾವಶಿ ಕೋಶಿಂಬೀರ್ ಅನ್ನುತ್ತಿದ್ದಳು. "ಖರೇ ಹೆಸರು ಯಾವ್ದು ಹೇಳೋ" ಎಂದು ಇಬ್ಬರೂ ನನ್ನನ್ನೇ ಹಿಡಿಯುತ್ತಿದ್ದರು. ನಾನು ಎರಡೂ ಮನೆಯದನ್ನು ತಿಂದು ಆಡಲು ಓಡುತ್ತಿದ್ದೆ.

ಅದನ್ನೇ ಹೇಳಿದೆ. ಹನಾನ್ ಬಾಗಿಲ ಹತ್ತಿರವೇ ನಿಂತು ಕೇಳಿದರು, "ಕೊನೆಗೆ ಯಾರು ಗೆದ್ದರು?"

"ಇಬ್ಬರೂ ತೀರಿಕೊಂಡರು. ಊರು ಕರ್ನಾಟಕದ್ದೋ ಮಹಾರಾಷ್ಟ್ರದ್ದೋ ಅನ್ನುವ ಕೇಸು ಮಾತ್ರ ಇನ್ನೂ ಕೋರ್ಟಿನಲ್ಲಿದೆ."

ಹನಾನ್ ಕೋಟು ಬಿಚ್ಚಿ ಕೂತರು. ಗಡಿಯಾರವನ್ನು ನನ್ನ ಕೈಯಿಂದ ಇಸಿದುಕೊಂಡು, ಮೊದಲ ಮೂರು ನಿಮಿಷ ನನಗೇ ಕೊಟ್ಟರು.