ಹಕ್ಕಿ ನೋಡುವವನ ಪತ್ರವ್ಯವಹಾರ

ಪತ್ರಿಕೆಗಳಿಗೆ ಪತ್ರ ಬರೆಯುವುದು ನನಗೆ ಅಂಟಿದ ಚಟ. ಎಲೆ ಅಡಿಕೆಯ ಚಟವಾಗಿದ್ದರೆ ಬಾಯಾದರೂ ಕೆಂಪಾಗಿ ನಾಲ್ಕು ಜನಕ್ಕೆ ಗೊತ್ತಾಗುತ್ತಿತ್ತು. ಇದು ಗೊತ್ತಿರುವುದು ಅಂಚೆಯವನಿಗೆ ಮತ್ತು ನನ್ನ ಹೆಂಡತಿಗೆ ಮಾತ್ರ. ನಲ್ಲಿಯಲ್ಲಿ ನೀರು ಬಾರದ್ದರ ಬಗ್ಗೆ, ರಸ್ತೆಯ ತಗ್ಗಿನ ಬಗ್ಗೆ, ಪೇಟೆಯ ನಡುವೆ ಮಲಗುವ ದನಗಳ ಬಗ್ಗೆ ನಾನು ಬರೆದ ಪತ್ರಗಳು ಎಷ್ಟೋ ಅಚ್ಚಾಗಿವೆ. ನಲ್ಲಿಗೆ ನೀರು ಬರಲಿಲ್ಲ, ತಗ್ಗು ತುಂಬಲಿಲ್ಲ, ದನ ಏಳಲಿಲ್ಲ. ಇಷ್ಟು ವರ್ಷಗಳಲ್ಲಿ ಫಲ ಕೊಟ್ಟದ್ದು ಒಂದೇ ಒಂದು ಪತ್ರ. ಅದನ್ನು ನೆನೆದರೆ ಇವತ್ತಿಗೂ ಊಟ ಸೇರುವುದಿಲ್ಲ.

ನಾನು ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತ. ದಸರೆ ಕಳೆದು ಹೊಸ ಕಾಯಿ ಪೇಟೆಗೆ ಬರುವ ತನಕ ಅಂಗಡಿಯಲ್ಲಿ ನೊಣ ಹೊಡೆಯುವುದೇ ಕೆಲಸ. ಅದೇ ಹೊತ್ತಿಗೆ ಉತ್ತರದ ಚಳಿ ನಾಡುಗಳಿಂದ ಬಾತುಗಳು ನಮ್ಮ ಕೆರೆಗಳಿಗೆ ಇಳಿಯುತ್ತವೆ. ನನ್ನ ಬಿಡುವೂ ಅವುಗಳ ಪ್ರವಾಸವೂ ಕೂಡಿ ಬಂದದ್ದರಿಂದ ಹಕ್ಕಿ ನೋಡುವ ಹುಚ್ಚು ಹತ್ತಿತೇ ಹೊರತು, ನನ್ನಲ್ಲಿ ಬೇರೆ ಯಾವ ವಿಶೇಷವೂ ಇಲ್ಲ. ಹುಬ್ಬಳ್ಳಿಯಲ್ಲಿ ಕೊಂಡ ಹಳೆಯ ದುರ್ಬೀನಿನ ಒಂದು ಕಣ್ಣು ಮಂಜು. ಇನ್ನೊಂದರಲ್ಲಿ ಕಂಡದ್ದೇ ಹಕ್ಕಿ. ಭಾನುವಾರ ಬಂತೆಂದರೆ ಒಮ್ಮೆ ಹಾವೇರಿಯ ಹೆಗ್ಗೇರಿ ಕೆರೆ, ಒಮ್ಮೆ ರಾಣೇಬೆನ್ನೂರಿಗೆ ಹೋಗಿ ಅಲ್ಲಿಂದ ಐರಣಿಯ ಹೊಳೆದಂಡೆ. ಅಂಗಿಯಲ್ಲಿ ಕೂತ ಮೆಣಸಿನಕಾಯಿ ಘಾಟು ಎಷ್ಟು ಒಗೆದರೂ ಹೋಗದು. ಹಕ್ಕಿ ಸರಿಯಾಗಿ ದುರ್ಬೀನಿಗೆ ಸಿಕ್ಕ ಕ್ಷಣವೇ ನನಗೆ ಸೀನು ಬರುವುದು, ಕೆರೆಗೆ ಕೆರೆಯೇ ಎದ್ದು ಹಾರುವುದು.

“ಅಲ್ರೀ, ನೀವು ಹಕ್ಕಿ ನೋಡಾಕ ಹೋಗ್ತೀರೋ, ಹಾರಸಾಕ ಹೋಗ್ತೀರೋ?” ಎಂದು ಹೆಂಡತಿ ಕೇಳುತ್ತಿದ್ದಳು.

ಎಂಬತ್ತರ ದಶಕದ ಕೊನೆಯ ಮಾತು. ಶೀಗಿ ಹುಣ್ಣಿಮೆ ಮುಗಿದ ಮರುವಾರ ಕದರಮಂಡಲಗಿಗೆ ಹನುಮಪ್ಪನ ದರ್ಶನಕ್ಕೆಂದು ಹೋದವನು, ದರ್ಶನ ಮುಗಿಸಿ ಸುಮ್ಮನೆ ಕಾಲು ಹೊರಟ ಕಡೆ ನಡೆದೆ. ದಾರಿ ತಪ್ಪಿ ಒಂದು ಸಣ್ಣ ಕೆರೆಯ ಏರಿ ಹತ್ತಿದೆ. ಹತ್ತಿದವನು ಹಾಗೇ ಕುಕ್ಕುರುಗಾಲಿನಲ್ಲಿ ಕೂತುಬಿಟ್ಟೆ. ನೀರು ಕಾಣದಷ್ಟು ಸೂಜಿಬಾಲದ ಬಾತುಗಳು! ಅಂದು ಸೀನು ಸಹ ಬರಲಿಲ್ಲ.

ಅಲ್ಲಿನ ನೀರಗಂಟಿ ಇಮಾಮಸಾಬರು. ತೂಬು ತೆಗೆದು ಕೆಳಗಿನ ಗದ್ದೆಗಳಿಗೆ ನೀರು ಬಿಡುವುದು ಅವರ ಕೆಲಸ. ಏರಿಯ ಮೇಲೆ ನಡೆದರೆ ತೂಬು ಹತ್ತಿರ. ಆದರೆ ಹಕ್ಕಿಗಳಿಗೆ ತಮ್ಮ ನೆರಳು ಕಂಡೀತೆಂದು ಆ ಮುದುಕರು ಏರಿಯ ಕೆಳಗಿನ ಮುಳ್ಳಿನಲ್ಲಿ ಸುತ್ತಿಕೊಂಡು ಹೋಗುತ್ತಿದ್ದರು. ಯಾರೂ ಹೇಳಿದ್ದಲ್ಲ, ಕೂಲಿ ಕೊಟ್ಟದ್ದಲ್ಲ. ನನ್ನನ್ನು ಜಾಲಿ ಗಿಡದ ಮರೆಗೆ ಕೂರಿಸಿ ಚಹಾ ಕೊಟ್ಟು ಒಂದೇ ಮಾತು ಹೇಳಿದರು: “ಎಷ್ಟ ಬೇಕಾದಷ್ಟ ನೋಡ್ರಿ ಗುಮಾಸ್ತ್ರ. ಆದ್ರ ಯಾರ ಮುಂದೂ ಹೇಳಬ್ಯಾಡ್ರಿ. ಇವು ನಮ್ಮನ್ನ ನಂಬಿ ಬರ್ತಾವ.”

ನಾನು ಅದನ್ನು ಹಳ್ಳಿಯವರ ಸಂಕೋಚ ಎಂದುಕೊಂಡೆ. ನಾಲ್ಕಕ್ಷರ ಓದಿದವರಿಗೆ ಬರುವ ರೋಗಗಳಲ್ಲಿ ಇದೂ ಒಂದು.

ನಮ್ಮ ಹಳೆಯ ಕಾವ್ಯಗಳಲ್ಲಿ ಶರತ್ಕಾಲ ಬಂದರೆ ಸಾಕು, ಹಂಸಗಳು ಮಾನಸ ಸರೋವರದಿಂದ ಇಳಿಯಲೇಬೇಕು. ಕೆಸರು ತಿಳಿಯಾಗಬೇಕು, ತಾವರೆ ಅರಳಬೇಕು, ನಾಯಕಿಗೆ ನಿಟ್ಟುಸಿರು ಬರಬೇಕು. ನಾನು ಚಿಕ್ಕಂದಿನಲ್ಲಿ ಇದೆಲ್ಲ ಬರೀ ಬಾಯಿಪಾಠ ಎಂದು ನಕ್ಕವನು. ಈಗ ಅನ್ನಿಸುತ್ತದೆ, ಆ ಕವಿಗಳು ಬಲು ಜಾಣರು. ಹಕ್ಕಿಗಳನ್ನು ಅಷ್ಟೊಂದು ಬಣ್ಣಿಸಿದರಲ್ಲ, ಒಬ್ಬನಾದರೂ ಯಾವ ಊರಲ್ಲಿ ಇಳಿದು ಯಾವ ಕಡೆ ಹೊರಳಬೇಕೆಂದು ಬರೆದನೇ?

ನಾನು ಬರೆದೆ. ನನ್ನ ಕೆಲಸವೇ ಅಂಥದ್ದು. ಮಾಲು ತರಲು ಹಳ್ಳಿಗೆ ಹೋಗುವ ಲಾರಿಗಳ ಡ್ರೈವರುಗಳಿಗೆ ದಾರಿ ಬರೆದು ಕೊಡುವವನು ನಾನೇ. ಎಲ್ಲಿ ಡಾಂಬರು ಮುಗಿಯುತ್ತದೆ, ಯಾವ ಆಲದ ಮರಕ್ಕೆ ಎಡಕ್ಕೆ ಹೊರಳಬೇಕು, ಹಳ್ಳದಲ್ಲಿ ನೀರಿದ್ದರೆ ಎಲ್ಲಿ ಸುತ್ತಬೇಕು, ಎಲ್ಲವೂ ಇರುತ್ತದೆ. ನನ್ನ ಚೀಟಿ ಹಿಡಿದು ಹೋದ ಲಾರಿ ದಾರಿ ತಪ್ಪಿದ್ದಿಲ್ಲ ಎಂದು ಪೇಟೆಯಲ್ಲಿ ನನಗೊಂದು ಹೆಸರಿತ್ತು. ಸರ್ಕಾರ ಆ ಕೆರೆಯನ್ನು ಕೂಡಲೇ ಪಕ್ಷಿಧಾಮವೆಂದು ಸಾರಬೇಕು ಎಂದು ಪತ್ರಿಕೆಗೆ ಬರೆದ ಪತ್ರದಲ್ಲಿ, ಆಸಕ್ತರು ಹೋಗಿ ನೋಡಲೆಂದು, ಅದೇ ಶ್ರದ್ಧೆಯಿಂದ ದಾರಿಯನ್ನೂ ಬರೆದೆ. ಆಲದ ಮರ ಬಂತು, ಹಳ್ಳ ಬಂತು. ಕೆಳಗೆ ನನ್ನ ಹೆಸರೂ ಬಂತು.

ಅಚ್ಚಾದ ಮರುವಾರ ಪತ್ರದ ತುಣುಕನ್ನು ಜೇಬಿನಲ್ಲಿಟ್ಟುಕೊಂಡು ಇಮಾಮಸಾಬರಿಗೆ ತೋರಿಸಲು ಹೋದೆ. ಏರಿಯ ಕೆಳಗೆ ಎರಡು ಜೀಪು ನಿಂತಿದ್ದವು. ನನ್ನ ಓದುಗರು! ಎದೆ ಹಿಗ್ಗಿ ಹೆಜ್ಜೆ ಬೀಸಾಗಿ ಹಾಕಿದೆ. ಆಗ ಮೊದಲ ಗುಂಡು ಕೇಳಿಸಿತು.

ಅದಾದ ಮೇಲೆ ಎಷ್ಟು ಗುಂಡು ಹಾರಿದವೋ ನನಗೆ ಗೊತ್ತಿಲ್ಲ. ಜೀಪುಗಳು ಹೋದ ಮೇಲೆ ಇಮಾಮಸಾಬರು ಮೊಣಕಾಲು ನೀರಿನಲ್ಲಿ ನಿಂತು, ಬೇಟೆಗಾರರು ಬಿಟ್ಟು ಹೋದ ಗಾಯದ ಹಕ್ಕಿಗಳನ್ನು ಒಂದೊಂದಾಗಿ ಎತ್ತಿ ತರುತ್ತಿದ್ದರು. ನಾನೂ ಪ್ಯಾಂಟು ಮಡಚಿ ಇಳಿದೆ. ನನ್ನ ಕೈಯಲ್ಲಿದ್ದ ಬಾತು ಇನ್ನೂ ಬೆಚ್ಚಗಿತ್ತು. ದಂಡೆ ಮುಟ್ಟುವುದರೊಳಗೆ ಕತ್ತು ಚೆಲ್ಲಿತು. ಎಷ್ಟು ದೂರದಿಂದ ಹಾರಿ ಬಂದ ಹಕ್ಕಿ! ಅತ್ತುಬಿಟ್ಟೆ. ಪತ್ರದ ವಿಷಯ ಹೇಳುವ ಧೈರ್ಯ ಮಾತ್ರ ಬರಲಿಲ್ಲ. ಜೇಬಿನೊಳಗೆ ಆ ತುಣುಕು ನೆನೆದು ಮುದ್ದೆಯಾಯಿತು.

ಮರುವರ್ಷ ಕೆಲವೇ ಬಾತುಗಳು ಬಂದವು. ಜೀಪುಗಳು ಹೆಚ್ಚಾಗಿ ಬಂದವು. ಅದರ ಮುಂದಿನ ವರ್ಷ ದೀಪಾವಳಿ ಮುಗಿದರೂ ನೀರಿನ ಮೇಲೆ ಒಂದು ಹಕ್ಕಿಯೂ ಇಲ್ಲ. ಇಮಾಮಸಾಬರು ಮಾತ್ರ ಅದೇ ಮುಳ್ಳಿನಲ್ಲಿ ಸುತ್ತಿಕೊಂಡು ತೂಬಿಗೆ ಹೋದರು. ಅದನ್ನು ನೋಡಿ ತಡೆಯಲಾಗಲಿಲ್ಲ.

“ಪೇಪರಿನ್ಯಾಗ ಆ ಕಾಗದ ಬರದಾಂವ ನಾನ ರೀ, ಇಮಾಮಸಾಬ್ರ” ಎಂದೆ.

“ಗೊತ್ತೈತ್ರಿ” ಎಂದರು. “ಅವತ್ತ ಜೀಪಿನವರ ಕೈಯಾಗ ಇತ್ತದು. ನನಗೂ ಓದಿ ಹೇಳಿದ್ರು. ಎಲ್ಲೂ ಒಬ್ಬರನ್ನೂ ದಾರಿ ಕೇಳಿಲ್ಲಂತ, ಸೀದಾ ಬಂದ್ರಂತ. ಭಾಳ ಛಲೋ ಬರದಿದ್ರಿ.”

ಚುಚ್ಚು ಮಾತಾಗಿದ್ದರೆ ಸಹಿಸಬಹುದಿತ್ತು. ಅವರು ಮನಸ್ಸಿನಿಂದಲೇ ಹೇಳಿದ್ದರು. ಎರಡು ವರ್ಷ ಎಲ್ಲ ಗೊತ್ತಿದ್ದೂ ನನಗೆ ಚಹಾ ಕೊಟ್ಟಿದ್ದರು. ಆಮೇಲೆ ಅವರೇ ಅಂದರು: “ಇನ್ನೊಂದ ಕಾಗದ ಬರೀರಿ ಗುಮಾಸ್ತ್ರ. ಇಲ್ಲೇ ಹಕ್ಕಿ ಇಲ್ಲ, ಯಾರೂ ಬರಬ್ಯಾಡ್ರಿ ಅಂತ. ನಿಮ್ಮ ಮಾತ ಜನ ನಂಬತಾರ. ಜನ ಬರೂದ ಬಿಟ್ರ, ಅವು ಬಂದ್ರೂ ಬಂದಾವು.”

ಅವತ್ತೇ ಕೂತು ಬರೆದೆ. ಎರಡೇ ಸಾಲು, ದಾರಿ ಬರೆಯಲಿಲ್ಲ. ಅಚ್ಚಾಗಲಿಲ್ಲ. ಮತ್ತೆ ಕಳಿಸಿದೆ, ಆಗಲೂ ಇಲ್ಲ. ಹಕ್ಕಿ ಇಲ್ಲದ ಕೆರೆ ಯಾವ ಪತ್ರಿಕೆಗೆ ಸುದ್ದಿಯಾದೀತು? ಈಗಲೂ ದಸರೆ ಕಳೆದೊಡನೆ ಆ ಎರಡು ಸಾಲನ್ನು ಬರೆದು ಅಂಚೆಗೆ ಹಾಕುತ್ತೇನೆ. ನಾನು ಬರೆದ ಪತ್ರಗಳಲ್ಲೆಲ್ಲ ಅತಿ ಖಾತ್ರಿಯಾದದ್ದು ಅದೊಂದೇ. ಯಾಕೆಂದರೆ ಅದರಲ್ಲಿರುವ ಸಂಗತಿಯನ್ನು ನಿಜ ಮಾಡಿದವನು ನಾನೇ.