ಗಯಾಬಾಯಿ ಒಯ್ದ ಬುತ್ತಿ

ಹುಮನಾಬಾದಿನ ಚರ್ಚಿನಲ್ಲಿ ಮದುವೆಯಾಗಲಿ, ಸುಗ್ಗಿ ಹಬ್ಬದ ಊಟವಾಗಲಿ, ಸೌಟು ಗಯಾಬಾಯಿಯ ಕೈಯಲ್ಲೇ ಇರುತ್ತಿತ್ತು. ಪಾದ್ರಿಗಳ ಮಾತಿಗೆ ಎದುರಾಡುವವರಿದ್ದರು, ಈಕೆಯ ಸೌಟಿಗೆ ಎದುರಾಡುವವರಿರಲಿಲ್ಲ.

ತೊಂಬತ್ತಾರರ ಚಳಿಗಾಲದಲ್ಲಿ ಆಂಧ್ರದ ಕರಾವಳಿಗೆ ಚಂಡಮಾರುತ ಅಪ್ಪಳಿಸಿದಾಗ ಅಲ್ಲಿನ ಒಂದು ಸಣ್ಣ ಊರಿಗೆ ಚರ್ಚಿನ ತಂಡ ಹೊರಟಿತು. ಮುಖಂಡ ಧನರಾಜ ಮಾಸ್ತರ. ಅವನು ಕಂಬಳಿ, ಬಟ್ಟೆ, ಔಷಧಿ ಎನ್ನುತ್ತಿದ್ದಂತೆ ಗಯಾಬಾಯಿ ನಡುವೆ ಬಾಯಿ ಹಾಕಿದಳು.

"ಸಾವಾದ ಮನ್ಯಾಗ ಒಲಿ ಹಚ್ಚಂಗಿಲ್ಲ. ಬುತ್ತಿ ಇಲ್ದ ಬರೇ ಕಂಬಳಿ ಹಿಡ್ಕೊಂಡು ಹ್ಯಾಂಗ ಹೋಗೂದು?"

"ಅತ್ತಿ, ಅವರು ಅನ್ನ ಉಣ್ಣೋ ಮಂದಿ. ನಿಮ್ಮ ಜ್ವಾಳದ ರೊಟ್ಟಿ ಯಾರೂ ಮುಟ್ಟಂಗಿಲ್ಲರಿ. ಹೋದಂಗ ತಿರುಗಿ ಬರ್ತಾವ."

ಅಷ್ಟು ಸಾಕಾಯಿತು. ಗಯಾಬಾಯಿಗೆ ಮೂಗಿನ ತುದಿಯಲ್ಲೇ ಸಿಟ್ಟು.

"ಒಂದೇ ಒಂದು ರೊಟ್ಟಿ ತಿರುಗಿ ಹುಮನಾಬಾದಕ್ಕ ಬಂತಂದ್ರ, ಚರ್ಚಿನ ಸೌಟು ಮತ್ತ ಹಿಡಿಯಂಗಿಲ್ಲ" ಎಂದು ಇಡೀ ಸಭೆಯ ಮುಂದೆ ಹೇಳಿಬಿಟ್ಟಳು. ಹೇಳಿದ ಮೇಲೆ ತಾನು ಏನನ್ನು ಪಣವಿಟ್ಟೆನೆಂಬುದು ಹೊಳೆಯಿತು. ಆ ಸೌಟು ಬಿಟ್ಟರೆ ಅವಳಿಗೆ ಬೇರೆ ಹೆಮ್ಮೆಯಾದರೂ ಏನಿತ್ತು? ಓಣಿಯ ಹೆಂಗಸರನ್ನೆಲ್ಲ ಕೂರಿಸಿ ರೊಟ್ಟಿ ತಟ್ಟಿಸಿದಳು. ತಿಂಗಳಿಟ್ಟರೂ ಕೆಡದ ಖಡಕ್ ರೊಟ್ಟಿಯ ಗಂಟುಗಳು ಬಸವಕಲ್ಯಾಣದಿಂದ ಬಂದ ಲಾರಿಯನ್ನು ಏರಿದವು.

ಆ ಊರಿನಲ್ಲಿ ಮನೆಗಳಿಗೆ ಸೂರಿರಲಿಲ್ಲ. ತೆಂಗಿನ ಮರಗಳು ಬುಡಸಮೇತ ಬಿದ್ದಿದ್ದವು, ದೋಣಿಯೊಂದು ಶಾಲೆಯ ಅಂಗಳದಲ್ಲಿ ಕೂತಿತ್ತು. ಗಯಾಬಾಯಿ ಕಣ್ಣೊರೆಸಿಕೊಳ್ಳುತ್ತ ಬೀದಿ ಬೀದಿ ತಿರುಗಿ ರೊಟ್ಟಿ ಹಂಚಿದಳು. ಜನ ಸಂಕೋಚದಿಂದ ತೆಗೆದುಕೊಂಡರು, ಬೆರಳಿನಿಂದ ತಟ್ಟಿ ನೋಡಿದರು, ಬದಿಗಿಟ್ಟರು.

ಮಧ್ಯಾಹ್ನ ಗಂಜಿಕೇಂದ್ರದಲ್ಲಿ ಅನ್ನ, ಸಾರು ಬಡಿಸಿದರು. ಮನೆ, ದೋಣಿ ಎರಡನ್ನೂ ಕಳೆದುಕೊಂಡ ನೂಕಾಲಮ್ಮ ಎಂಬ ಮೀನುಗಾರ ಹೆಂಗಸು ರೊಟ್ಟಿಯ ಅಂಚು ಮುರಿದು, ಹಪ್ಪಳವೆಂದುಕೊಂಡು ಅನ್ನದ ಮೇಲೆ ಪುಡಿಮಾಡಿ ಬಾಯಿಗಿಟ್ಟಳು. ಪಕ್ಕದವರೂ ಮುರಿದರು. ಇಡೀ ಪಂಕ್ತಿ ಕುರುಕುರು ಎನ್ನತೊಡಗಿತು.

"ಹಂಗಲ್ಲವ್ವಾ, ರೊಟ್ಟಿ ಉಣ್ಣೂದು ಹಂಗಲ್ಲ" ಎನ್ನುತ್ತ ಗಯಾಬಾಯಿ ಓಡಿದಳು. ನೂಕಾಲಮ್ಮನಿಗೆ ಭಾಷೆ ತಿಳಿಯದು. ಗಯಾಬಾಯಿಯೇ ಹಸಿದಿದ್ದಾಳೆಂದು ಬಗೆದು ಅವಳ ಬಾಯಿಗೇ ಒಂದು ತುತ್ತು ತುರುಕಿದಳು. ಬಯ್ಯಲು ತೆರೆದ ಬಾಯಿ ಅಗಿಯತೊಡಗಿತು. ರುಚಿಯಾಗಿತ್ತು ಬೇರೆ! ಅವಳ ಮುಖ ನೋಡಿ ನೂಕಾಲಮ್ಮ ನಕ್ಕಳು, ಪಂಕ್ತಿಯೆಲ್ಲ ನಕ್ಕಿತು, ಕೊನೆಗೆ ಗಯಾಬಾಯಿಯೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಂಜೆಗೆ ಗಂಟುಗಳೆಲ್ಲ ಖಾಲಿ. ಖಾಲಿ ಅರಿವೆಯನ್ನು ಧನರಾಜನ ಮುಂದೆ ಬೇಕೆಂದೇ ಝಾಡಿಸಿ ಮಡಚಿದಳು.

ಲಾರಿ ಹೊರಡುವಾಗ ನೂಕಾಲಮ್ಮ ಓಡಿಬಂದು ಅವಳ ಮಡಿಲಿಗೆ ಒಂದು ಪೊಟ್ಟಣ ಹಾಕಿದಳು. ಹುಮನಾಬಾದಿನಲ್ಲಿ ಇಳಿದು, ಚರ್ಚಿನ ಅಂಗಳದಲ್ಲಿ ಎಲ್ಲರೆದುರು ಅದನ್ನು ಬಿಚ್ಚಿದರೆ, ಒಂದಿಷ್ಟು ಒಣಮೀನು, ಅದರಡಿಯಲ್ಲಿ ಒಂದು ಜೋಳದ ರೊಟ್ಟಿ. ತನ್ನ ಪಾಲಿನಿಂದ ಉಳಿಸಿಟ್ಟಿದ್ದಳು ಪುಣ್ಯಾತ್ಗಿತ್ತಿ.

ಗಯಾಬಾಯಿಯ ಮುಖ ಸಣ್ಣದಾಯಿತು.

"ಬಂತಲ್ಲ ಧನರಾಜ, ಒಂದು ತಿರುಗಿ ಬಂತು. ಸೌಟು ಯಾರಿಗರೆ ಕೊಡ್ರಿ."

ಧನರಾಜ ರೊಟ್ಟಿಯ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ.

"ಇದು ತಿರುಗಿ ಬಂದಿದ್ದಲ್ಲರಿ, ಅತ್ತಿ. ಆಕಿ ನಮಗ ಕಟ್ಟಿಕೊಟ್ಟ ಬುತ್ತಿ."

ಗಯಾಬಾಯಿ ಅಳುತ್ತ, ನಗುತ್ತ, ಉಳಿದ ರೊಟ್ಟಿಯನ್ನು ಅಂಗಳದಲ್ಲಿದ್ದವರಿಗೆಲ್ಲ ಚೂರು ಚೂರು ಮುರಿದು ಹಂಚಿದಳು.